ಹಳೇ ಕಾಲದ ಪೇಂಟಿಂಗ್ ಮೇಲೆ ಸ್ಪ್ರೇ ಬಣ್ಣ ಇಳಿಸಿರೋ ಲಿಮಿಟೆಡ್ ಎಡಿಷನ್ ಸ್ಕ್ರೀನ್ ಪ್ರಿಂಟ್: ನಿಜವಾದ ಪ್ರಿಂಟೋ, ಬರೀ ಪೋಸ್ಟರೋ ಹೇಗೆ ತಿಳ್ಕೊಳ್ಳೋದು?

ಭಾವಚಿತ್ರ_ಪ್ರೇಮಿ

ಎಲ್ರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪ್ರಿಂಟು ತಲೇಲಿ ಕೂತ್ಬಿಟ್ಟಿದೆ, ಅದಕ್ಕೇ ಇಲ್ಲಿ ಕೇಳ್ತಿದೀನಿ. ಹದಿನೇಳನೇ ಶತಮಾನದ ಡಚ್ ಭಾವಚಿತ್ರಗಳು ಇರ್ತಾವಲ್ಲ, ಕಪ್ಪು ಬಟ್ಟೆ, ಕುತ್ತಿಗೆ ಸುತ್ತ ಬಿಳೀ ಲೇಸ್ ಕಾಲರ್, ಎಡಗಡೆಯಿಂದ ಮಾತ್ರ ಬೆಳಕು, ಆ ಥರದ ಒಬ್ಬ ಹೆಂಗಸಿನ ಮುಖ. ಆ ಮುಖದ ಮೇಲೆ ಕಣ್ಣಿಗೆ ಅಡ್ಡಲಾಗಿ ಒಂದು ಅಗಲವಾದ ಗುಲಾಬಿ ಪಟ್ಟಿ, ಸ್ಪ್ರೇ ಕ್ಯಾನಲ್ಲಿ ಒಂದೇ ಸಲಕ್ಕೆ ಎಳೆದ ಹಾಗಿದೆ, ಅದರಿಂದ ಮೂರು ಹನಿ ಕೆನ್ನೆ ಮೇಲೆ ಇಳಿದು ಬಂದು ಕಾಲರ್ ಹತ್ರ ನಿಂತಿವೆ. ಮೊದಲ ಸಲ ನೋಡಿದಾಗ ಅವಳು ಅಳ್ತಿದಾಳೆ ಅನ್ಸಿತ್ತು, ಆಮೇಲೆ ಗೊತ್ತಾಯ್ತು ಅದು ಬಣ್ಣ ಸೋರಿರೋದು ಅಂತ.

ಕೆಳಗಡೆ ಪೆನ್ಸಿಲ್‌ನಲ್ಲಿ 47/120 ಅಂತ ಇದೆ, ಅಂದ್ರೆ 120 ಹಾಳೇಲಿ 47ನೇದು, ಬಲಗಡೆ ಸಹಿ. ಒಂಬತ್ತು ಬಣ್ಣದ ಸ್ಕ್ರೀನ್ ಪ್ರಿಂಟ್, ದಪ್ಪನೆಯ (300 ಜಿಎಸ್ಎಂ) ಕಾಟನ್ ಪೇಪರ್ ಅಂತ ವಿವರದಲ್ಲಿ ಬರೆದಿದಾರೆ. ಮಾರೋರು ಒಳ್ಳೇವ್ರು, ತಗೊಳ್ಳೋಕೆ ಮುಂಚೆ ಒಂದು ವಾರ ಮನೇಲಿ ಇಟ್ಕೊಂಡು ನೋಡಿ ಅಂತ ಕೊಟ್ಟಿದಾರೆ. ನನ್ನ ಫ್ರೆಂಡ್ ಒಬ್ರು ನೋಡಿ, ಇದೇನಿದೆ, ಯಾರೋ ಮಾಡಿದ ಪೇಂಟಿಂಗಿನ ಫೋಟೋ ತಗೊಂಡು ಕಂಪ್ಯೂಟರಲ್ಲಿ ಬಣ್ಣ ಬಳಿದು ಪ್ರಿಂಟ್ ಹೊಡೆದಿದಾರೆ ಅಷ್ಟೇ, ಇದಕ್ಕೆ ಯಾಕೆ ದುಡ್ಡು ಹಾಕ್ತೀಯ ಅಂದ್ರು. ನಂಗೆ ಉತ್ತರ ಕೊಡೋಕೆ ಆಗ್ಲಿಲ್ಲ, ಆದ್ರೆ ಬಿಟ್ಟು ಕೊಡೋಕೂ ಮನಸ್ಸಾಗ್ತಿಲ್ಲ. ಇದು ನಿಜವಾಗ್ಲೂ ಸ್ಕ್ರೀನ್ ಪ್ರಿಂಟಾ ಅಂತ ಹೇಗೆ ನೋಡೋದು, 47 ಬದ್ಲು 3 ಇದ್ದಿದ್ರೆ ಹೆಚ್ಚು ಒಳ್ಳೇದಿತ್ತಾ, ಇನ್ನೊಂದು ಕಡೆ ಇದೇ ಚಿತ್ರಕ್ಕೆ ನಂಬರ್ ಜಾಗದಲ್ಲಿ ಎಪಿ ಅಂತಿತ್ತು ಅದೇನು, ಎಲ್ಲದಕ್ಕಿಂತ ಮುಖ್ಯವಾಗಿ ಈ ಥರ ಹಳೇ ಚಿತ್ರದ ಮೇಲೆ ಬೀದಿ ಕಲೆ ಸೇರಿಸೋದ್ರಲ್ಲಿ ಏನಾದ್ರೂ ಇದೆಯಾ? ತಿಳಿದವ್ರು ಹೇಳಿ.

ಸ್ಕ್ವೀಜಿ_ಕೈ

ಹನ್ನೊಂದು ವರ್ಷದಿಂದ ಸ್ಕ್ರೀನ್ ಎಳೀತಿದೀನಿ, ಅಂದ್ರೆ ಚೌಕಟ್ಟಿಗೆ ಬಿಗಿದ ಜಾಲರಿ ಮೂಲಕ ಒಂದೊಂದೇ ಬಣ್ಣ ಹಾಳೆಗೆ ಒತ್ತೋ ಕೆಲಸ, ಅದ್ರಲ್ಲಿ ಸುಮಾರು ಕೆಲಸ ಇಂಥದ್ದೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ.

ಮೊದ್ಲು ಒಂದು 10ಎಕ್ಸ್ ಲೂಪ್ ಹಿಡ್ಕೊಳ್ಳಿ, ಇಲ್ಲಾಂದ್ರೆ ಒಳ್ಳೇ ಭೂತಗನ್ನಡಿ. ಆ ಗುಲಾಬಿ ಪಟ್ಟಿಯ ನಡುಭಾಗ ನೋಡಿ. ಇಂಕ್‌ಜೆಟ್ ಆಗಿದ್ರೆ ಗುಲಾಬಿ ಒಳಗೇನೇ ಬೇರೆ ಬೇರೆ ಬಣ್ಣದ ಸಣ್ಣ ಸಣ್ಣ ಚುಕ್ಕಿ ಧೂಳು ಎರಚಿದ ಹಾಗೆ ಕಾಣುತ್ತೆ, ಪತ್ರಿಕೆ ಅಚ್ಚು ಹಾಕೋ ಆಫ್‌ಸೆಟ್ ಆಗಿದ್ರೆ ನಾಲ್ಕು ಬಣ್ಣದ ಚುಕ್ಕಿ ಸೇರಿ ಪುಟ್ಟ ಹೂವಿನ ಥರ ಸುತ್ತು ಸುತ್ತಾಗಿ ಕೂತಿರುತ್ತೆ. ಸ್ಕ್ರೀನ್ ಪ್ರಿಂಟಲ್ಲಿ ಗುಲಾಬಿ ಅಂದ್ರೆ ಗುಲಾಬೀನೇ, ಡಬ್ಬದಲ್ಲೇ ಕಲಸಿ ಮಾಡಿದ ಬಣ್ಣ, ಒಳಗೆ ಯಾವ ಚುಕ್ಕೀನೂ ಇರಲ್ಲ, ಗೋಡೆಗೆ ಬಣ್ಣ ಬಳಿದಷ್ಟು ತುಂಬಿರುತ್ತೆ. ಪಟ್ಟಿಯ ಅಂಚಲ್ಲಿ ಸ್ಪ್ರೇ ಮಾಡಿದಾಗ ಬರೋ ಮಂಜಿನ ಥರ ಇರುತ್ತಲ್ಲ, ಅಲ್ಲಿ ಮಾತ್ರ ಚುಕ್ಕಿ ಇರ್ತವೆ, ಆದ್ರೆ ಅವೂ ಒಂದೇ ಗುಲಾಬಿ ಬಣ್ಣದವು, ಅದನ್ನ ನೋಡಿ ಗಾಬರಿ ಆಗ್ಬೇಡಿ. ಆಮೇಲೆ ರೂಮಿನ ಲೈಟ್ ಆರಿಸಿ, ಟಾರ್ಚನ್ನ ಹಾಳೆಗೆ ಸಮವಾಗಿ ಪಕ್ಕದಿಂದ ಹಿಡೀರಿ. ಒಂದರ ಮೇಲೆ ಒಂದು ಇಂಕು ಬಿದ್ದ ಕಡೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪ ಎದ್ದಿರೋದು ಕಾಣುತ್ತೆ. ಇಂಕ್‌ಜೆಟ್ ಹಾಳೇಲಿ ಆ ಮೆಟ್ಟಿಲು ಇರಲ್ಲ.

ಇನ್ನು ನಿಮ್ ಫ್ರೆಂಡ್ ಹೇಳಿದ ಮಾತಿಗೆ ಬರ್ತೀನಿ. ಒಂದು ರಟ್ಟಿನಲ್ಲಿ ‘ಠ’ ಅಕ್ಷರ ಬರೆದು ಅದರ ಉಂಗುರವನ್ನ ಬ್ಲೇಡಲ್ಲಿ ಕತ್ತರಿಸಿ ನೋಡಿ. ಒಳಗಿನ ತುಂಡು, ಮಧ್ಯದ ಚುಕ್ಕಿ ಸಮೇತ, ಪೂರ್ತಿ ಕೆಳಗೆ ಬಿದ್ದೋಗುತ್ತೆ, ಹಿಡ್ಕೊಳ್ಳೋಕೆ ಏನೂ ಇಲ್ವಲ್ಲ. ಬೀದಿ ಗೋಡೆ ಮೇಲೆ ಸ್ಟೆನ್ಸಿಲ್ ಹೊಡೆಯೋರು ಇದಕ್ಕೇ ಅಲ್ಲಲ್ಲಿ ಸಣ್ಣ ಸೇತುವೆ ಬಿಟ್ಟು ಕತ್ತರಿಸ್ತಾರೆ, ಆ ಸೇತುವೆಗಳೇ ಸ್ಟೆನ್ಸಿಲ್ ಚಿತ್ರದ ಗುರುತು. ಜಪಾನಿನಲ್ಲಿ ಬಟ್ಟೆಗೆ ಬಣ್ಣ ಹಾಕೋ ಕಟಗಾಮಿ ಅನ್ನೋ ಕಾಗದದ ಅಚ್ಚುಗಳಲ್ಲಿ ಈ ಒಳಗಿನ ತುಂಡು ಬೀಳದ ಹಾಗೆ ರೇಷ್ಮೆ ಎಳೆ ಕಟ್ತಿದ್ರು. ಆ ಎಳೆಗಳನ್ನೇ ಅಡ್ಡ ಉದ್ದ ಪೂರ್ತಿ ಜಾಲರಿ ಮಾಡಿ ಚೌಕಟ್ಟಿಗೆ ಬಿಗಿದ್ರೆ ಸ್ಕ್ರೀನ್ ಆಯ್ತು. 1907ರಲ್ಲಿ ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆ ಜಾಲರಿಗೆ ಪೇಟೆಂಟ್ ತಗೊಂಡ್ರು, ಈಗ ಪಾಲಿಯೆಸ್ಟರ್ ಬಂದಿದೆ, ಆದ್ರೆ ವಿಷಯ ಅದೇ. ಅಂದ್ರೆ ಬೀದಿ ಸ್ಟೆನ್ಸಿಲ್ಲೂ ಸ್ಕ್ರೀನ್ ಪ್ರಿಂಟೂ ಒಂದೇ ಬಳ್ಳೀದು.

ಆ ಕಡೆ ಹಳೇ ಎಣ್ಣೆ ಬಣ್ಣದ ಚಿತ್ರ ಹೇಗೆ ಆಗುತ್ತೆ? ಕೆಳಗೆ ಕಂದು ಬಣ್ಣದಲ್ಲಿ ನೆರಳು ಬೆಳಕು ಕಟ್ಕೊಂಡು, ಅದರ ಮೇಲೆ ತೆಳ್ಳಗೆ ಪಾರದರ್ಶಕ ಬಣ್ಣ ಒಂದೊಂದೇ ಪದರ ಹಾಕ್ಕೊಂಡು ಹೋಗ್ತಾರೆ, ಗ್ಲೇಜ್ ಅಂತಾರಲ್ಲ ಅದು. ಸ್ಕ್ರೀನಲ್ಲೂ ಟ್ರಾನ್ಸ್‌ಪರೆಂಟ್ ಬೇಸ್ ಸೇರಿಸಿದ ಇಂಕನ್ನ ಹಾಗೇ ಒಂದರ ಮೇಲೊಂದು ಎಳೀಬಹುದು, ಕೆಳಗಿನ ಬಣ್ಣ ಮೇಲಿನದರ ಮೂಲಕ ಕಾಣುತ್ತೆ. ನಾನು ಹೇಳೋದು ಇಷ್ಟೇ, ಗೋಡೆ ಬಣ್ಣ ಮತ್ತು ಹಳೇ ಕ್ಯಾನ್ವಾಸು ಇವೆರಡೂ ಬೇರೆ ಯಾವ ಕಾಗದದ ಮೇಲೆ ಸೇರಿದ್ರೂ ಅಂಟಿಸಿದ ಹಾಗಿರುತ್ತೆ, ಸ್ಕ್ರೀನ್ ಪ್ರಿಂಟಲ್ಲಿ ಮಾತ್ರ ಎರಡಕ್ಕೂ ತವರುಮನೆ ಇದೆ. ಅದನ್ನ ಬಳಸ್ಕೊಂಡಿದಾರಾ ಅನ್ನೋದು ನೀವು ನೋಡ್ಬೇಕಾದ್ದು.

ಕೆಲಸದ ಲೆಕ್ಕಾನೂ ಹೇಳ್ಬಿಡ್ತೀನಿ. 120ರ ಎಡಿಷನ್ ಅಂದ್ರೆ ಹಾಳಾಗೋದು, ಪ್ರೂಫು ಎಲ್ಲ ಸೇರಿ 150 ಹಾಳೆ ಹಾಕ್ಕೊಂಡು ಶುರು ಮಾಡ್ತೀವಿ. ಒಂಬತ್ತು ಬಣ್ಣಕ್ಕೆ ಒಂಬತ್ತು ಫಿಲ್ಮ್, ಒಂಬತ್ತು ಸಲ ಸ್ಕ್ರೀನಿಗೆ ಎಮಲ್ಷನ್ (ಬೆಳಕು ಬಿದ್ದ ಕಡೆ ಗಟ್ಟಿಯಾಗೋ ದ್ರವ) ಹಚ್ಚಿ ಕತ್ತಲೇಲಿ ಒಣಗಿಸಿ ಬೆಳಕಿಗೆ ಹಿಡಿದು ನೀರಲ್ಲಿ ತೊಳೆಯೋದು, ಆಮೇಲೆ 150 ಹಾಳೆ ಒಂಬತ್ತು ಸಲ ಅಂದ್ರೆ 1350 ಸಲ ಸ್ಕ್ವೀಜಿ, ಇಂಕು ಒತ್ತೋ ರಬ್ಬರ್ ಪಟ್ಟಿ, ಎಳೆಯೋದು. ಒಂದು ಬಣ್ಣ ಒಣಗೋ ತನಕ ಇನ್ನೊಂದು ಹಾಕೋ ಹಾಗಿಲ್ಲ. ನೀರಿನ ಇಂಕು ಬಿದ್ದಾಗ ಕಾಟನ್ ಹಾಳೆ ಸ್ವಲ್ಪ ಹಿಗ್ಗುತ್ತೆ, ಒಣಗಿದಾಗ ಕುಗ್ಗುತ್ತೆ, ನಾಲ್ಕನೇ ಬಣ್ಣದ ಹೊತ್ತಿಗೆ ಕೂದಲೆಳೆಯಷ್ಟು ಜಾಗ ತಪ್ಪಿರುತ್ತೆ. ಮುಖದಲ್ಲಿ ಕೂದಲೆಳೆಯಷ್ಟು ತಪ್ಪಿದ್ರೆ ಕಣ್ಣಿನ ದೃಷ್ಟೀನೇ ಬದಲಾಗ್ಬಿಡುತ್ತೆ. ಲೇಸ್ ಥರದ ಸೂಕ್ಷ್ಮ ಜಾಗಕ್ಕೆ ನಾವು ಸೆಂಟಿಮೀಟರಿಗೆ 120 ಎಳೆ ಇರೋ ಮೆಶ್ ಹಾಕ್ತೀವಿ, ಅದರಲ್ಲಿ ಇಂಚಿಗೆ 55 ಸಾಲಿನಷ್ಟು ಚುಕ್ಕಿ ನಿಲ್ಲುತ್ತೆ, ಚುಕ್ಕಿ ಸಾಲನ್ನ 22.5 ಡಿಗ್ರಿ ಓರೆ ಇಟ್ರೆ ಜಾಲರಿ ಜೊತೆ ಜಗಳ ಆಡಿ ಅಲೆ ಅಲೆ ಗೆರೆ ಬರೋದು ತಪ್ಪುತ್ತೆ. ಲೇಸ್ ಇರೋ ಚಿತ್ರದಲ್ಲಿ ಆ ಅಲೆ ಬಂದ್ರೆ ಇಡೀ ಕಾಲರ್ ಕೆಟ್ಟೋಗುತ್ತೆ, ನಾನು ಒಂದ್ಸಲ ಹಾಗೆ ಮೂವತ್ತು ಹಾಳೆ ಹರಿದು ಹಾಕಿದೀನಿ, ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ನಂಬರ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ತಾಮ್ರದ ತಗಡಿನ ಮೇಲೆ ನೇರ ಗೀಚಿ ಮಾಡೋ ಡ್ರೈಪಾಯಿಂಟ್‌ನಲ್ಲಿ ಪ್ರತಿ ಸಲ ಒತ್ತಿದಾಗ್ಲೂ ತಗಡು ಸವೆಯುತ್ತೆ, ಅಲ್ಲಿ ಮೊದಮೊದಲ ಪ್ರಿಂಟಿಗೆ ಬೆಲೆ ಇದೆ. ಸ್ಕ್ರೀನ್ ನೂರಿಪ್ಪತ್ತು ಹಾಳೆಗೆಲ್ಲ ಸವೆಯಲ್ಲ. ಪ್ರತಿ ಬಣ್ಣಕ್ಕೂ ಹಾಳೆಗಳು ರ‍್ಯಾಕಿಗೆ ಹೋಗಿ ಬಂದು ಕ್ರಮ ತಪ್ಪಿರುತ್ತೆ, ನಂಬರ್ ಹಾಕೋದು ಕೊನೇಲಿ. 3ಕ್ಕಿಂತ 47ರಲ್ಲಿ ಕಣ್ಣು ಸರಿಯಾಗಿ ಕೂತಿರಬಹುದು. ಹಾಳೆ ನೋಡಿ ತಗೊಳ್ಳಿ.

ಎಣ್ಣೆಬಣ್ಣ

ಸ್ಕ್ವೀಜಿ ಅಣ್ಣನ ಮಾತು ಕೆಲಸದ ಮಟ್ಟಿಗೆ ನೂರಕ್ಕೆ ನೂರು ಸರಿ. ಆದ್ರೆ 1350 ಸಲ ಎಳೆದ್ರು ಅನ್ನೋ ಕಾರಣಕ್ಕೆ ಚಿತ್ರ ಒಳ್ಳೇದಾಗಲ್ಲ. ನಾನು ಹಳೇ ಚಿತ್ರಗಳನ್ನ ನೋಡ್ಕೊಂಡು ಕಾಪಿ ಮಾಡಿ ಕಲೀತಿರೋನು, ಒಂದು ಮುಖದ ನೆರಳಿಗೆ ತಿಂಗಳುಗಟ್ಲೆ ಕೂತಿದೀನಿ, ಅದಕ್ಕೆ ಈ ಥರದ್ದು ನೋಡಿದಾಗ ಮೊದ್ಲು ನಂಗೆ ಬರೋದು ಸಿಟ್ಟು. ಮೋನಾಲಿಸಾಗೆ ಕೂಲಿಂಗ್ ಗ್ಲಾಸು, ಮೋನಾಲಿಸಾ ಕೈಲಿ ಸ್ಪ್ರೇ ಕ್ಯಾನು, ಇಂಥವು ಎಷ್ಟು ಬಂದಿವೆ ಅಂದ್ರೆ ಲೆಕ್ಕ ಇಲ್ಲ. ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂ 1919ರಲ್ಲೇ ಮೋನಾಲಿಸಾ ಪೋಸ್ಟ್‌ಕಾರ್ಡಿಗೆ ಪೆನ್ಸಿಲಲ್ಲಿ ಮೀಸೆ ಗಡ್ಡ ಬರೆದಾಗಿದೆ. ನೂರು ವರ್ಷ ಆದ್ಮೇಲೆ ಅದನ್ನೇ ಮತ್ತೆ ಮಾಡೋರಿಗೆ ಆ ಹೆಂಗಸು ಯಾರಾದ್ರೂ ಆಗಬಹುದು, ಫೇಮಸ್ ಆಗಿದ್ರೆ ಸಾಕು.

ಚೆನ್ನಾಗಿರೋದು ಯಾವ್ದು ಅಂತ ಹೇಳ್ತೀನಿ. 2014ರಲ್ಲಿ ಬೀದಿ ಕಲಾವಿದ ಬ್ಯಾಂಕ್ಸಿ ಇಂಗ್ಲೆಂಡಿನ ಬ್ರಿಸ್ಟಲ್ಲಿನ ಒಂದು ಗೋಡೆ ಮೇಲೆ, ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರನ ಮುತ್ತಿನ ಓಲೆ ಹುಡುಗೀನ ಬಿಡಿಸಿದ್ರು. ಓಲೆ ಇರ್ಬೇಕಾದ ಜಾಗದಲ್ಲಿ ಆ ಗೋಡೆಗೆ ಮೊದಲೇ ಇದ್ದ ಕಳ್ಳರ ಅಲಾರಂ ಡಬ್ಬ. ಮುತ್ತು ಬಿಡಿಸೋ ಕೆಲಸವೇ ಇಲ್ಲ, ಗೋಡೇನೇ ಕೊಟ್ಬಿಡ್ತು. ಅಲ್ಲಿ ಹಳೇ ಚಿತ್ರ ಇಲ್ದೆ ಗೋಡೆ ಇಲ್ಲ, ಗೋಡೆ ಇಲ್ದೆ ಚಿತ್ರ ಇಲ್ಲ. ಇನ್ನೊಂದು, ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹಾಲ್ 1984ರಲ್ಲಿ ರಿನೈಸೆನ್ಸ್ ಚಿತ್ರಗಳ ತುಣುಕುಗಳನ್ನ ತಗೊಂಡು ಸ್ಕ್ರೀನ್ ಪ್ರಿಂಟ್ ಮಾಡಿದಾರೆ. ಬೊಟಿಚೆಲ್ಲಿಯ ವೀನಸ್ ಇಡೀ ನಿಂತಿರೋದನ್ನ ತಗೊಳ್ಳಲಿಲ್ಲ, ಬರೀ ಮುಖ ಮತ್ತು ಹಾರೋ ಕೂದಲು. ಸಮತಟ್ಟು ಬಣ್ಣ ತುಂಬಿದ ಮೇಲೆ ಕೂದಲಿನ ಗೆರೆ ಎಷ್ಟು ಎದ್ದು ಕಾಣುತ್ತೆ ಅಂದ್ರೆ, ಬೊಟಿಚೆಲ್ಲಿ ಮೂಲದಲ್ಲೇ ಎಷ್ಟು ಗೆರೆಯ ಮನುಷ್ಯ ಅಂತ ನಂಗೆ ಗೊತ್ತಾಗಿದ್ದೇ ಆ ಪ್ರಿಂಟಿಂದ. ಹೊಸ ಪ್ರಿಂಟು ಹಳೇ ಚಿತ್ರದೊಳಗೆ ಇದ್ದದ್ದನ್ನೇ ತೋರಿಸಿಕೊಡ್ತು.

ಭಾವಚಿತ್ರ ಅವ್ರೇ, ನಿಮ್ಮ ಪ್ರಿಂಟಿಗೆ ಒಂದು ಕೆಲಸ ಮಾಡಿ. ಗುಲಾಬಿ ಪಟ್ಟಿ ಮೇಲೆ, ಮುಟ್ಟದೆ, ಅಂಗೈ ಅಡ್ಡ ಹಿಡೀರಿ. ಪಟ್ಟಿ ಇಲ್ಲದ ಮುಖ ನಿಮ್ಮನ್ನ ನಿಲ್ಲಿಸುತ್ತಾ? ಬಾಯಿ, ಗದ್ದ, ಕಾಲರ್ ಇಷ್ಟೇ ನೋಡಿ. ಅದು ಸತ್ತ ಹಾಗಿದ್ರೆ ಹಳೇ ಚಿತ್ರ ಬರೀ ಹಿನ್ನೆಲೆ ಬಟ್ಟೆ ಅಷ್ಟೇ. ಇನ್ನೊಂದು, ಬೆಳಕು ಎಡಗಡೆಯಿಂದ ಬರ್ತಿದೆ ಅಂದ್ರಲ್ಲ, ಆ ಬೆಳಕು ಗುಲಾಬಿ ಹನಿಗಳ ಮೇಲೆ ಬಿದ್ದಿದೆಯಾ? ಬಿದ್ದಿದ್ರೆ ಬಣ್ಣ ಅವಳ ಮುಖದ ಮೇಲಿದೆ, ಅವಳ ಕಾಲದಲ್ಲೇ ಯಾರೋ ಬಳಿದಿದಾರೆ. ಬಿದ್ದಿಲ್ಲ, ಸಪಾಟಾಗಿದೆ ಅಂದ್ರೆ ಬಣ್ಣ ನಮ್ಮ ಕಡೆ ಇದೆ, ನಾವು ನಿಂತಿರೋ ಕಡೆ, ಅವಳು ಅದರ ಹಿಂದೆ ಇದಾಳೆ. ಎರಡೂ ಬೇರೆ ಬೇರೆ ಚಿತ್ರ. ಮಾಡಿದವ್ರು ಇದನ್ನ ಯೋಚನೆ ಮಾಡಿದಾರಾ ಇಲ್ವಾ ಅಂತ ಅಲ್ಲೇ ಗೊತ್ತಾಗುತ್ತೆ.

ಎಡಿಷನ್_ಎಣಿಕೆ

ಎಪಿ ಬಗ್ಗೆ ಯಾರೂ ಹೇಳ್ಲಿಲ್ಲ. ಎಪಿ ಅಂದ್ರೆ ಆರ್ಟಿಸ್ಟ್ ಪ್ರೂಫ್, ಎಡಿಷನ್ ಲೆಕ್ಕದ ಹೊರಗೆ ಕಲಾವಿದರಿಗೆ ಅಂತ ಇಟ್ಕೊಳ್ಳೋ ಹಾಳೆಗಳು, ಸಾಮಾನ್ಯವಾಗಿ ಎಡಿಷನ್ನಿನ ನೂರಕ್ಕೆ ಹತ್ತರಷ್ಟು. ವಾರ್ಹಾಲ್ 1967ರ ಮರ್ಲಿನ್ ಸೆಟ್ಟು 250, ಅದರ ಹೊರಗೆ ಎಯಿಂದ ಝಡ್ ತನಕ ಅಕ್ಷರ ಹಾಕಿದ 26 ಪ್ರೂಫ್ ಸೆಟ್. ಚಿತ್ರ ಅದೇ, ಇಂಕು ಅದೇ. ಪಿಪಿ ಅಂತಿದ್ರೆ ಪ್ರಿಂಟರಿಗೆ ಕೊಟ್ಟಿದ್ದು. ನೀವು ಕೇಳ್ಬೇಕಾಗಿರೋದು ಎಪಿ ಎಷ್ಟು ಅಂತ. 120ರ ಎಡಿಷನ್ನಿಗೆ 60 ಎಪಿ ಇದೆ ಅಂದ್ರೆ ಅದು 180ರ ಎಡಿಷನ್ನೇ. ಇದೇ ಚಿತ್ರ ನೀಲಿ ಪಟ್ಟಿ, ಹಸಿರು ಪಟ್ಟಿ, ಚಿಕ್ಕ ಸೈಜು ಅಂತ ಬೇರೆ ಎಡಿಷನ್ ಬಂದಿದೆಯಾ ಅಂತಾನೂ ಬರವಣಿಗೇಲಿ ಕೇಳಿ. ಸಹಿ ಇಲ್ಲದ ಎಡಿಷನ್ ಬೇರೆ ಇರುತ್ತೆ ಕೆಲವಕ್ಕೆ, ಬ್ಯಾಂಕ್ಸಿಯ ಬಲೂನ್ ಹುಡುಗಿ ಪ್ರಿಂಟಲ್ಲಿ ಸಹಿ ಇರೋದು 150, ಇಲ್ಲದ್ದು 600.

ಹಾಳೆ ಮೂಲೇಲಿ ಬಣ್ಣ ಇಲ್ಲದೆ ಬರೀ ಒತ್ತಿದ ಮುದ್ರೆ ಇದೆಯಾ ನೋಡಿ, ಪ್ರಿಂಟ್ ಮಾಡಿದ ಸ್ಟುಡಿಯೋದ ಗುರುತು ಅದು, ಬೆರಳಾಡಿಸಿದ್ರೆ ತಿಳಿಯುತ್ತೆ. ಸರ್ಟಿಫಿಕೇಟ್ ಒಂದನ್ನೇ ನಂಬ್ಬೇಡಿ, ಒಂಬತ್ತು ಬಣ್ಣದ ಪ್ರಿಂಟಿಗಿಂತ ಒಂದು ಕಾಗದ ನಕಲು ಮಾಡೋದು ಸುಲಭ. ಬ್ಯಾಂಕ್ಸಿ ಕೆಲಸ ಅಸಲಿಯಾ ಅಂತ ಹೇಳೋ ಪೆಸ್ಟ್ ಕಂಟ್ರೋಲ್ ಆಫೀಸಿನವ್ರು ಇದಕ್ಕೇ ಸರ್ಟಿಫಿಕೇಟಿಗೆ ಅವ್ರೇ ಮಾಡಿದ ಹತ್ತು ಪೌಂಡಿನ ನೋಟನ್ನ ಹರಿದು ಅರ್ಧ ಹಚ್ಚಿ ಕೊಡ್ತಾರೆ, ಇನ್ನರ್ಧ ಅವ್ರ ಹತ್ರ. ಹರಿದ ಅಂಚು ಸೇರ್ಬೇಕು.

ಚೌಕಟ್ಟು_ಕೆಲಸ

ತಗೊಳ್ಳೋದು ಆಮೇಲೆ, ಆ ಗುಲಾಬಿ ಫ್ಲೋರೊಸೆಂಟಾ ಅಂತ ಮೊದ್ಲು ಕೇಳಿ. ಕತ್ತಲೇಲಿ ಯುವಿ ಟಾರ್ಚ್ ಬಿಟ್ರೆ ಉರಿಯೋ ಹಾಗೆ ಹೊಳೆಯುತ್ತೆ ಅಂದ್ರೆ ಹೌದು. ಫ್ಲೋರೊಸೆಂಟ್ ಬಣ್ಣ ಬೆಳಕಿಗೆ ಬೇಗ ಸೋಲುತ್ತೆ. ನನ್ನ ಹತ್ರ ಇದ್ದ ಒಂದು ಪ್ರಿಂಟಲ್ಲಿ ಕಿತ್ತಳೆ ಬಣ್ಣದ ಪ್ರಭಾವಳಿ ಇತ್ತು, ಕಿಟಕಿ ಎದುರು ನೇತು ಹಾಕಿದ್ದೆ, ಮೂರು ವರ್ಷಕ್ಕೆ ತೆಗೆದು ನೋಡಿದ್ರೆ ಮೌಂಟ್ (ಚಿತ್ರದ ಸುತ್ತ ಇಡೋ ರಟ್ಟು) ಕೆಳಗೆ ಮುಚ್ಚಿದ್ದ ಬೆರಳಗಲ ಜಾಗದಲ್ಲಿ ಮಾತ್ರ ಕಿತ್ತಳೆ, ಮಿಕ್ಕಿದ್ದೆಲ್ಲ ಒಣಗಿದ ಸಿಪ್ಪೆ ಬಣ್ಣ. ಆ ಎರಡು ಬಣ್ಣದ ಮಧ್ಯದ ಗೆರೆ ಸ್ಕೇಲ್ ಇಟ್ಟು ಎಳೆದಷ್ಟು ನೇರ ಇತ್ತು. ಜೊತೆಗೆ ಆ ಫ್ರೇಮ್ ಅಂಗಡಿಯವ್ರು ಹಿಂದಿನಿಂದ ಸೆಲ್ಲೋ ಟೇಪ್ ಹಾಕಿದ್ರು, ಅದರ ಗೋಂದು ಹಾಳೆ ಒಳಗೆ ಇಳಿದು ಮುಂದಿನ ತನಕ ಹಳದಿ ಕಲೆ. ಅವತ್ತಿಂದ ನಾನೇ ಕಲಿತು ಮಾಡೋಕೆ ಶುರು ಮಾಡಿದ್ದು.

ಎಣ್ಣೆಬಣ್ಣ ಅವ್ರು ವರ್ಮೀರ್ ಹೆಸರು ಎತ್ತಿದ್ರಲ್ಲ, ಅದೇ ಮುತ್ತಿನ ಓಲೆ ಹುಡುಗಿಯ ಹಿಂದೆ ಇವತ್ತು ಕಪ್ಪು ಖಾಲಿ ಕಾಣುತ್ತೆ. ಅದು ಮೂಲದಲ್ಲಿ ಹಸಿರು ಪರದೆ. ಕಪ್ಪಿನ ಮೇಲೆ ನೀಲಿ ಮತ್ತು ವೆಲ್ಡ್ ಅನ್ನೋ ಗಿಡದ ಹಳದಿ ಸೇರಿಸಿ ತೆಳ್ಳಗೆ ಹಸಿರು ಗ್ಲೇಜ್ ಹಾಕಿದ್ರು, ಕಾಲಕ್ರಮೇಣ ಆ ಬಣ್ಣ ಕೆಟ್ಟು ಹಸಿರೇ ಕಾಣದ ಹಾಗಾಯ್ತು, ಪರದೆಯ ಮಡಿಕೆಗಳೂ ಕಣ್ಣಿಗೆ ಸಿಗಲ್ಲ. ಆ ಚಿತ್ರ ಇರೋ ಮೌರಿತ್ಸ್‌ಹೌಸ್ ಮ್ಯೂಸಿಯಂನವ್ರು 2020ರಲ್ಲಿ ಸ್ಕ್ಯಾನ್ ಎಲ್ಲ ಮಾಡಿ ಆ ಪರದೆ ಇದ್ದದ್ದನ್ನ ಹೇಳಿದ್ರು. ಅಂಥ ಕೈಯ ಬಣ್ಣಕ್ಕೇ ಹೀಗಾದ್ರೆ ಗುಲಾಬಿ ಇಂಕಿನ ಗತಿ ಯೋಚನೆ ಮಾಡಿ.

ಹಾಗಾಗಿ ಬಿಸಿಲು ಬೀಳೋ ಗೋಡೆ ಬೇಡ. ಯುವಿ ತಡೆಯೋ ಗಾಜು ಹಾಕ್ಸಿ, ಆದ್ರೆ ಯುವಿ ತಡೆದ ಮಾತ್ರಕ್ಕೆ ಬೆಳಕಿನ ಕಾಟ ಪೂರ್ತಿ ಹೋಗಲ್ಲ. ಗಾಜು ಇಂಕನ್ನ ಮುಟ್ಟಬಾರದು, ಮಧ್ಯೆ ಮೌಂಟೋ ಸ್ಪೇಸರೋ ಇರ್ಲೇಬೇಕು, ಇಲ್ಲಾಂದ್ರೆ ಸೆಕೆಗೆ ಇಂಕು ಗಾಜಿಗೆ ಅಂಟ್ಕೊಳ್ಳುತ್ತೆ. ಹಾಳೇನ ಮೇಲ್ತುದೀಲಿ ಮಾತ್ರ ಎರಡು ಕಡೆ ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು, ಅಷ್ಟೇ. ಬೋರ್ಡಿಗೆ ಪೂರ್ತಿ ಅಂಟಿಸ್ತೀವಿ ಚಪ್ಪಟೆ ನಿಲ್ಲುತ್ತೆ ಅಂತ ಯಾರಾದ್ರೂ ಹೇಳಿದ್ರೆ ಪ್ರಿಂಟ್ ವಾಪಸ್ ತಗೊಂಡು ಬನ್ನಿ.

ಸ್ಕ್ವೀಜಿ_ಕೈ

ಎಣ್ಣೆಬಣ್ಣ ಅವ್ರು ಹೇಳಿದ ಬೆಳಕಿನ ಮಾತು ನಂಗೆ ಹೊಸದು, ಇಷ್ಟು ವರ್ಷ ಹನಿ ಪ್ರಿಂಟ್ ಮಾಡಿದೀನಿ, ಯಾವತ್ತೂ ಹಾಗೆ ನೋಡಿರ್ಲಿಲ್ಲ. ಒಂದು ಸೇರಿಸ್ತೀನಿ. ಕೆಲವು ಎಡಿಷನ್ನಲ್ಲಿ ಮುಖ ಸ್ಕ್ರೀನಲ್ಲಿ ಮಾಡಿ, ಬಣ್ಣದ ಪಟ್ಟಿ ಮಾತ್ರ ಪ್ರತಿ ಹಾಳೆಗೂ ಕೈಯಲ್ಲಿ ಕ್ಯಾನ್ ಹಿಡಿದು ಹೊಡೀತಾರೆ, ಹ್ಯಾಂಡ್ ಫಿನಿಶ್ಡ್ ಅಂತ ಬರೆದಿರ್ತಾರೆ. ಆಗ ಎರಡು ಹಾಳೆ ಒಂದೇ ಥರ ಇರಲ್ಲ. ನಿಮ್ಮದು ಒಂಬತ್ತೂ ಸ್ಕ್ರೀನ್ ಅಂದ್ರೆ ಆ ಹನಿ ಒಂದೇ ಸಲ, ಯಾವತ್ತೋ, ಎಲ್ಲೋ ಸೋರಿದ್ದು. ಅದನ್ನ ಹಿಡಿದು ಫಿಲ್ಮ್ ಮಾಡಿ 120 ಸಲ ಹಾಗೇ ಸೋರಿಸಿದಾರೆ. ಕ್ಯಾನಿಂದ ಆಕಸ್ಮಿಕವಾಗಿ ಬಿದ್ದದ್ದನ್ನ ಇಷ್ಟು ಜೋಪಾನವಾಗಿ ಎತ್ಕೊಂಡು ಬರೋದೇ ನಂಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟ.

ಭಾವಚಿತ್ರ_ಪ್ರೇಮಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಲೂಪ್ ತಗೊಂಡು ಎರಡು ಗಂಟೆ ಕೂತಿದ್ದೆ.

ಗುಲಾಬಿ ಒಳಗೆ ಚುಕ್ಕಿ ಇಲ್ಲ, ಒಂದೇ ಬಣ್ಣ, ಗಟ್ಟಿ. ಅಂಚಿನ ಮಂಜೂ ನೀವು ಹೇಳಿದ ಹಾಗೇ ಗುಲಾಬಿ ಚುಕ್ಕಿಗಳೇ. ಟಾರ್ಚ್ ಪಕ್ಕದಿಂದ ಹಿಡಿದಾಗ ಮುಖದಲ್ಲಿ ಮೆಟ್ಟಿಲು ಎಣಿಸೋಕೆ ಆಯ್ತು, ಕೆನ್ನೆ ಹತ್ರ ನಾಲ್ಕು ಕಂದು, ಒಂದರ ಮೂಲಕ ಇನ್ನೊಂದು ಕಾಣುತ್ತೆ. ಲೇಸ್ ಪೂರ್ತಿ ಚುಕ್ಕಿ, ಅಲೆ ಗೆರೆ ಎಲ್ಲೂ ಇಲ್ಲ. ಬಲ ಕಿವಿ ಹತ್ರ ಒಂದು ಕಡೆ ಎರಡು ಬಣ್ಣದ ಮಧ್ಯೆ ಕೂದಲೆಳೆಯಷ್ಟು ಬಿಳಿ ಹಾಳೆ ಇಣುಕ್ತಿದೆ, ಅದೇ ಹಿಗ್ಗಿ ಕುಗ್ಗಿದ ಜಾಗ ಇರ್ಬೇಕು ಅಲ್ವಾ ಅಣ್ಣ. ಮೂಲೇಲಿ ಒತ್ತಿದ ಮುದ್ರೇನೂ ಬೆರಳಿಗೆ ಸಿಕ್ತು. ಎಪಿ 12 ಅಂತೆ, ಬೇರೆ ಬಣ್ಣದ ಎಡಿಷನ್ ಇಲ್ಲ, ಬರೆದು ಕೊಟ್ಟಿದಾರೆ. ಗುಲಾಬಿ ಫ್ಲೋರೊಸೆಂಟೇ, ಹಾಗಾಗಿ ಕಿಟಕಿ ಇಲ್ಲದ ಒಳಗಿನ ಗೋಡೆ ನೋಡಿಟ್ಟಿದೀನಿ.

ಆಮೇಲೆ ಅಂಗೈ ಅಡ್ಡ ಹಿಡಿದು ನೋಡಿದೆ. ಬಾಯಿ ಬಿಗಿದಿದೆ, ಸಿಟ್ಟು ಅನ್ನೋ ಹಾಗೂ ಇಲ್ಲ, ಏನೋ ಹೇಳೋಕೆ ಹೋಗಿ ನಿಲ್ಲಿಸಿದ ಹಾಗೆ, ಆ ಬಾಯಿ ಮುಂದೆ ಎಷ್ಟೊತ್ತು ಕೂತಿದ್ನೋ ಗೊತ್ತಿಲ್ಲ. ಬೆಳಕಿನ ವಿಷಯಕ್ಕೆ ಬಂದ್ರೆ, ಪಟ್ಟಿ ಸಪಾಟಾಗಿದೆ, ಬೆಳಕೂ ಇಲ್ಲ ನೆರಳೂ ಇಲ್ಲ. ಎರಡು ಹನೀನೂ ಹಾಗೇ. ಆದ್ರೆ ಮೂರನೇ ಹನಿ ಕಾಲರಿಗೆ ಬಂದು ನಿಂತಿದೆಯಲ್ಲ, ಅದರ ಬಲಗಡೆ ತೆಳ್ಳಗೆ ಒಂದು ಕಂದು ಗೆರೆ ಇದೆ, ಲೂಪ್ ಇಲ್ದೆ ಕಾಣಲ್ಲ. ಆ ಒಂದು ಹನಿ ಮಾತ್ರ ಲೇಸ್ ಮೇಲೆ ನೆರಳು ಬೀಳಿಸ್ತಿದೆ.

ಬೆಳಿಗ್ಗೆನೇ ಮಾರೋರಿಗೆ ಫೋನ್ ಮಾಡಿ ತಗೊಳ್ತೀನಿ ಅಂದೆ.